ಟೊಳ್ಳು ಗೋಡೆಗೆ ಹಿಡಿಕೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಸ್ನಾನದ ಮನೆಯ ಗೋಡೆಗೆ ಹಾಕುವ ಹಿಡಿಕೆ, ಬೇಸಿನ್, ಟವೆಲ್ ರಾಡ್‌ಗಳ ಬಗ್ಗೆ ಪತ್ರಿಕೆಗೆ ಬರೆಯುವಂಥದ್ದು ಏನಿದೆ ಎಂದು ಓದುಗರಿಗೆ ಅನಿಸಬಹುದು. ಲೋಕೋಪಯೋಗಿ ಇಲಾಖೆಯಲ್ಲಿ 32 ವರ್ಷ ಎಂಜಿನಿಯರ್ ಆಗಿದ್ದು ನಿವೃತ್ತನಾಗಿ, ಇಟ್ಟಿಗೆ, ಸೈಜುಗಲ್ಲು, ಸಾಗರದ ಕಡೆಯ ಜಂಬಿಟ್ಟಿಗೆ ಎಲ್ಲವನ್ನೂ ಕಟ್ಟಿಸಿ ನೋಡಿದ ನನಗೂ ಕಳೆದ ವರ್ಷದವರೆಗೆ ಹಾಗೆಯೇ ಅನಿಸುತ್ತಿತ್ತು. ಆ ಅಭಿಪ್ರಾಯ ಬದಲಾದದ್ದು ಬೆಂಗಳೂರಿನಲ್ಲಿ ಮಗಳು ಕೊಂಡ ಫ್ಲಾಟಿನಲ್ಲಿ.

84 ವರ್ಷದ ನಮ್ಮ ಅತ್ತೆಯವರು ಮೊಮ್ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲು ಬಂದಾಗ, ಅವರಿಗೆ ಅನುಕೂಲವಾಗಲೆಂದು ಕಮೋಡಿನ ಪಕ್ಕದ ಗೋಡೆಗೆ ಒಂದೂವರೆ ಅಡಿಯ ಸ್ಟೀಲ್ ಹಿಡಿಕೆಯನ್ನು ಹಾಕಿಸಿದೆವು. ಕೆಲಸಕ್ಕೆ ಬಂದವರು ಟೈಲ್ಸ್ ಒಡೆಯದಂತೆ ನಾಜೂಕಾಗಿ ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ತುರುಕಿ, ಆರು ಸ್ಕ್ರೂ ಬಿಗಿದು, ತಾವೇ ಒಮ್ಮೆ ಜಗ್ಗಿ ತೋರಿಸಿ ಹೋದರು. ಮೂರು ವಾರ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ಅತ್ತೆಯವರು ಏಳಲು ಹೊರಟು ಹಿಡಿಕೆಯನ್ನು ಎಳೆದಾಗ ಅದರ ಮೇಲಿನ ತುದಿ ಟೈಲ್ಸಿನ ಚೂರಿನ ಸಮೇತ ಕಿತ್ತು ಬಂತು. ಪುಣ್ಯಕ್ಕೆ ಅವರು ಪೂರ್ತಿ ಎದ್ದಿರಲಿಲ್ಲವಾದ್ದರಿಂದ ಮತ್ತೆ ಕಮೋಡಿನ ಮೇಲೆಯೇ ಕುಸಿದು ಕೂತರು; ಮಣಿಕಟ್ಟು ಊದಿಕೊಂಡದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. “ಗೋಡೇನೇ ಕೈಗೆ ಬಂತಲ್ಲೇ” ಎಂದು ಅವರು ಮೊಮ್ಮಗಳಿಗೆ ಹೇಳಿದ ಮಾತಿನಲ್ಲಿ ಇಡೀ ಪ್ರಕರಣದ ತಾಂತ್ರಿಕ ವರದಿಯಿತ್ತು.

ಕಿತ್ತ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಮುಂದೆ 8 ಮಿ.ಮೀ. ಟೈಲ್ಸ್, ಅದರ ಹಿಂದೆ ತೆಳುವಾದ ಅಂಟು, ಅದರ ಹಿಂದೆ 12.5 ಮಿ.ಮೀ. ದಪ್ಪದ ಹಸಿರು ಜಿಪ್ಸಮ್ ಬೋರ್ಡು, ಅಂದರೆ ಎರಡು ಪದರ ಕಾಗದದ ನಡುವೆ ಜಿಪ್ಸಮ್ ತುಂಬಿದ ಹಲಗೆ. ಅದರಾಚೆಗೆ ಕತ್ತಲು. ಹಿಂದಿನ ಮಾಲೀಕರು ದೊಡ್ಡ ಮಲಗುವ ಕೋಣೆಯ ಒಂದು ಭಾಗವನ್ನು ಅಡ್ಡ ಹಾಕಿಸಿ ಈ ಸ್ನಾನದ ಮನೆಯನ್ನು ಮಾಡಿಸಿದ್ದರಂತೆ. ತಗಡಿನ ಚೌಕಟ್ಟು ನಿಲ್ಲಿಸಿ ಎರಡೂ ಕಡೆ ಬೋರ್ಡು ಬಡಿದು, ಒಂದು ಕಡೆ ಟೈಲ್ಸ್, ಇನ್ನೊಂದು ಕಡೆ ಪೇಂಟ್ ಹಾಕಿದ್ದರು. ಮೇಲೆ ಥಳಕು, ಒಳಗೆ ಹುಳುಕು ಎನ್ನುವಂತಿಲ್ಲ, ಏಕೆಂದರೆ ಒಳಗೆ ಹುಳುಕಾಗುವುದಕ್ಕಾದರೂ ಏನೂ ಇರಲಿಲ್ಲ.

ಈ ಬಗೆಯ ಗೋಡೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಎರಡೂ ಬದಿ ಗಾರೆ ಮಾಡಿದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ 250 ಕೆ.ಜಿ.ಗೂ ಹೆಚ್ಚು ತೂಗಿದರೆ, ಜಿಪ್ಸಮ್ ಬೋರ್ಡಿನ ಗೋಡೆ 25 ಕೆ.ಜಿ. ಆಸುಪಾಸು ತೂಗುತ್ತದೆ. ಹತ್ತನೇ ಮಹಡಿಯಲ್ಲಿ, ಕೆಳಗೆ ತೊಲೆಯಿಲ್ಲದ ಜಾಗದಲ್ಲಿ ಹೊಸದಾಗಿ ಅಡ್ಡಗೋಡೆ ಬೇಕೆಂದರೆ ಇಟ್ಟಿಗೆಗಿಂತ ಇದೇ ಜಾಣತನ. ಜಿಪ್ಸಮ್ಮಿನ ಹರಳಿನಲ್ಲಿ ತೂಕದ ಐದರಲ್ಲೊಂದು ಪಾಲು ನೀರೇ ಇರುವುದರಿಂದ ಬೆಂಕಿ ಬಿದ್ದಾಗ ಅದು ಆವಿಯಾಗುತ್ತ ಸ್ವಲ್ಪ ಹೊತ್ತು ತಡೆಯುತ್ತದೆ ಎಂಬುದೂ ನಿಜ. ನನ್ನ ತಕರಾರು ಇರುವುದು ಇಟ್ಟಿಗೆ ಗೋಡೆಗೆ ಮಾಡುವ ಕೆಲಸವನ್ನೇ ಕಣ್ಣುಮುಚ್ಚಿ ಈ ಗೋಡೆಗೂ ಮಾಡುವುದರ ಬಗ್ಗೆ.

ಪ್ಲಾಸ್ಟಿಕ್ ಪ್ಲಗ್ ಹೇಗೆ ಹಿಡಿಯುತ್ತದೆ ಎಂಬುದನ್ನು ಒಮ್ಮೆ ಯೋಚಿಸಿದರೆ ತಪ್ಪು ತಾನಾಗಿ ಹೊಳೆಯುತ್ತದೆ. ಜರ್ಮನಿಯ ಆರ್ಟುರ್ ಫಿಶರ್ 1958ರಲ್ಲಿ ರೂಪಿಸಿದ ನೈಲಾನ್ ಪ್ಲಗ್ಗಿನ ವಂಶಸ್ಥರೇ ಇಂದು ನಮ್ಮ ಹಾರ್ಡ್‌ವೇರ್ ಅಂಗಡಿಗಳ ಡಬ್ಬಿಗಳಲ್ಲಿರುವುದು. ಸ್ಕ್ರೂ ಒಳಹೋದಂತೆ ಪ್ಲಗ್ ಸೀಳಿ ಅಗಲವಾಗುತ್ತದೆ, ಸುತ್ತಲಿನ ಗಟ್ಟಿ ಇಟ್ಟಿಗೆಯನ್ನೋ ಕಾಂಕ್ರೀಟನ್ನೋ ಒತ್ತುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಅದರ ಹಿಡಿತ. ಅಂದರೆ ಸುತ್ತಲೂ 40, 50 ಮಿ.ಮೀ. ಆಳದವರೆಗೆ ಒತ್ತಿಸಿಕೊಳ್ಳುವ ಗಟ್ಟಿ ವಸ್ತು ಇರಬೇಕು. ಬೋರ್ಡಿನ ಗೋಡೆಯಲ್ಲಿ ಅದಕ್ಕೆ ಸಿಗುವುದು 12.5 ಮಿ.ಮೀ. ಪುಡಿಯಾಗುವ ಜಿಪ್ಸಮ್ಮು ಮತ್ತು ಎರಡು ಪದರ ಕಾಗದ. ಪ್ಲಗ್ಗಿನ ಉಳಿದ ಭಾಗ ಗಾಳಿಯಲ್ಲಿ ಅರಳಿಕೊಂಡಿರುತ್ತದೆ. ಮೇಲಿನ ಟೈಲ್ಸ್ ಗಟ್ಟಿಯಾಗಿರುವುದರಿಂದ ಸ್ಕ್ರೂ ಬಿಗಿದವರ ಕೈಗೆ ಎಲ್ಲವೂ ಭದ್ರವಾಗಿಯೇ ತೋರುತ್ತದೆ, ಮೋಸವಾಗುವುದೇ ಅಲ್ಲಿ.

ಇನ್ನು ಭಾರದ ಲೆಕ್ಕ. ಗೋಡೆಗೆ ತೂಗುಹಾಕಿದ ವಸ್ತು ಸ್ಕ್ರೂವನ್ನು ಕೆಳಕ್ಕೆ ಜಗ್ಗುವುದು ಒಂದು ಬಗೆ, ಗೋಡೆಯಿಂದ ಹೊರಕ್ಕೆ ಕೀಳುವುದು ಇನ್ನೊಂದು ಬಗೆ. ಕನ್ನಡಿ ಗೋಡೆಗೆ ಅಂಟಿಕೊಂಡಂತೆ ಇರುವುದರಿಂದ ಅದರದು ಬಹುಪಾಲು ಮೊದಲನೆಯ ಬಗೆ. ಬೋರ್ಡು ಅದನ್ನು ಸಹಿಸಿಕೊಳ್ಳುತ್ತದೆ. ಬೇಸಿನ್ ಹಾಗಲ್ಲ. ಅದು ಗೋಡೆಯಿಂದ 45 ಸೆಂ.ಮೀ. ಮುಂದಕ್ಕೆ ಚಾಚಿದೆ, ಮುಖ ತೊಳೆಯುವವರು ಅದರ ಅಂಚಿನ ಮೇಲೆ 40 ಕೆ.ಜಿ.ಯಷ್ಟು ಭಾರ ಊರಿದ್ದಾರೆ, ಮೇಲಿನ ಬೋಲ್ಟ್‌ಗಳಿಗೂ ಬೇಸಿನ್ನಿನ ಕೆಳ ಅಂಚು ಗೋಡೆಯನ್ನು ಒತ್ತುವ ಜಾಗಕ್ಕೂ ನಡುವೆ 15 ಸೆಂ.ಮೀ. ಇದೆ ಎಂದುಕೊಳ್ಳಿ. ನಲವತ್ತನ್ನು ನಲವತ್ತೈದರಿಂದ ಗುಣಿಸಿ ಹದಿನೈದರಿಂದ ಭಾಗಿಸಿದರೆ 120. ಮೇಲಿನ ಎರಡು ಬೋಲ್ಟ್‌ಗಳು ಸೇರಿ 120 ಕೆ.ಜಿ.ಯ ಕೀಳುವ ಬಲವನ್ನು ತಡೆಯಬೇಕು, ಅದೂ ಬೇಸಿನ್ನಿನ ಸ್ವಂತ ತೂಕವನ್ನು ಲೆಕ್ಕಕ್ಕೆ ಹಿಡಿಯದೆ. ಮಕ್ಕಳು ಅದರ ಮೇಲೆ ಹತ್ತಿ ಕೂರುವ ಮನೆಗಳ ಮಾತು ಬೇರೆ.

ಹಿಡಿಕೆಯ ಸಂಗತಿ ಇದಕ್ಕಿಂತ ಗಂಭೀರ. ಏಳುವಾಗ ಮನುಷ್ಯ ಅದನ್ನು ತನ್ನ ಕಡೆಗೆ, ಅಂದರೆ ಗೋಡೆಯಿಂದ ಹೊರಕ್ಕೇ ಎಳೆಯುತ್ತಾನೆ. ಜಾರಿದಾಗ ಎಳೆಯುವುದಂತೂ ಒಮ್ಮೆಲೇ. ನಿಧಾನವಾಗಿ ಹೇರಿದ ಭಾರಕ್ಕಿಂತ ಏಕಾಏಕಿ ಬಿದ್ದ ಅದೇ ಭಾರ ಎರಡು ಪಟ್ಟು ಒತ್ತಡ ಹುಟ್ಟಿಸುತ್ತದೆ ಎಂಬುದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಮೊದಲೇ ಕಲಿಸುವ ಪಾಠ. ಆ ಪ್ರಕಾರ 60 ಕೆ.ಜಿ. ತೂಕದವರು ಜಾರಿ ಹಿಡಿಕೆಯನ್ನು ಹಿಡಿದರೆ ಅದು 120 ಕೆ.ಜಿ.ಗೆ ಜಗ್ಗದಿರಬೇಕು. ಅಮೆರಿಕದಲ್ಲಿ ವಿಕಲಚೇತನರಿಗಾಗಿ ಇರುವ ಕಟ್ಟಡ ಮಾನದಂಡ ಇಂಥ ಹಿಡಿಕೆ 250 ಪೌಂಡ್, ಅಂದರೆ 113 ಕೆ.ಜಿ. ಬಲವನ್ನು ತಾಳಬೇಕೆನ್ನುತ್ತದೆ; ನನ್ನ ಕೈಲೆಕ್ಕವೂ ಅದೂ ಹತ್ತಿರ ಹತ್ತಿರವೇ ಬಂದು ನಿಂತವು.

ಇದರ ಮೇಲೆ ನೀರಿನ ಕಾಟ. ಹಸಿರು ಬೋರ್ಡು ಎಂದರೆ ನೀರು ಹೋಗದ ಬೋರ್ಡು ಎಂದು ಮಾರುವವರೂ ಕೊಳ್ಳುವವರೂ ಭಾವಿಸಿದ್ದಾರೆ. ಅದು ತೇವವನ್ನು ಸಾಮಾನ್ಯ ಬೋರ್ಡಿಗಿಂತ ಹೆಚ್ಚು ತಾಳಿಕೊಳ್ಳುತ್ತದೆಯೇ ಹೊರತು ನೀರಿನಲ್ಲಿ ನೆನೆಯುವುದಕ್ಕೆ ಮಾಡಿದ್ದಲ್ಲ. ಸ್ಕ್ರೂವಿನ ತೂತಿನ ಸುತ್ತ ಸಿಲಿಕೋನ್ ಹಚ್ಚದೆ ಬಿಟ್ಟರೆ ದಿನವೂ ನಾಲ್ಕು ಹನಿ ಒಳಗಿಳಿದು, ಪ್ಲಗ್ಗಿನ ಸುತ್ತಲಿನ ಜಿಪ್ಸಮ್ಮು ನೆನೆದ ರೊಟ್ಟಿಯಂತೆ ಮೆತ್ತಗಾಗುತ್ತದೆ. ನಮ್ಮ ಮನೆಯ ಹಿಡಿಕೆ ಮೊದಲ ದಿನ ಜಗ್ಗಿದಾಗ ಅಲುಗಾಡದೆ ಮೂರು ವಾರದ ನಂತರ ಕಿತ್ತು ಬಂದದ್ದಕ್ಕೆ ಇದೂ ಒಂದು ಕಾರಣವೆಂದು ತೂತಿನೊಳಗೆ ಬೆರಳಿಟ್ಟಾಗ ತಿಳಿಯಿತು. ಹಾಗಾಗಿ ಬಿಗಿದ ದಿನವೇ ಜಗ್ಗಿ ನೋಡಿ ಗಟ್ಟಿಯಿದೆ ಎನ್ನುವ ಪರೀಕ್ಷೆಯನ್ನು ನಂಬುವಂತಿಲ್ಲ.

ಇದಕ್ಕೆ ಪರಿಹಾರವನ್ನು ಸ್ಕ್ರೂವಿನಲ್ಲಾಗಲಿ ಪ್ಲಗ್ಗಿನಲ್ಲಾಗಲಿ ಹುಡುಕಬಾರದು. ಅದು ಬೋರ್ಡಿನ ಹಿಂದೆ ಇರಬೇಕು. ನಮ್ಮ ಹಿರಿಯರ ಮನೆಗಳಲ್ಲಿ ಗಿಳಿಗೂಟವನ್ನು ಗೋಡೆ ಕಟ್ಟಿದ ಮೇಲೆ ಹೊಡೆಯುತ್ತಿರಲಿಲ್ಲ, ಗೋಡೆ ಏಳುವಾಗಲೇ ಅದರ ಬಾಲವನ್ನು ಉದ್ದಕ್ಕೆ ಒಳಗೆ ಹುದುಗಿಸುತ್ತಿದ್ದರು. ಅದಕ್ಕೇ ನೊಗ, ಹಗ್ಗ, ಕಂಬಳಿಗಳ ಭಾರವನ್ನು ಎರಡು ಮೂರು ತಲೆಮಾರು ಹೊತ್ತರೂ ಅದು ಅಲುಗುತ್ತಿರಲಿಲ್ಲ. ಬೋರ್ಡಿನ ಗೋಡೆಗೂ ಮಾಡಬೇಕಾದದ್ದು ಅದೇ. ಚೌಕಟ್ಟು ನಿಲ್ಲಿಸಿದ ಮೇಲೆ, ಬೋರ್ಡು ಬಡಿಯುವ ಮುನ್ನ, ಬೇಸಿನ್ ಎಲ್ಲಿ, ಹಿಡಿಕೆ ಎಲ್ಲಿ, ಷವರ್ ಎಲ್ಲಿ ಎಂದು ಗುರುತು ಹಾಕಿ, ಆ ಎತ್ತರಗಳಲ್ಲಿ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ 18 ಮಿ.ಮೀ. ಪ್ಲೈವುಡ್ಡನ್ನು ಅಡ್ಡಲಾಗಿ ಕೂಡಿಸಬೇಕು. ಪ್ಲೈವುಡ್ ಎಂದರೆ ಕಪಾಟಿಗೆ ಬಳಸುವ ಅಗ್ಗದ್ದಲ್ಲ. ನೀರು ತಾಳುವ, ಐ.ಎಸ್. 710 ಎಂಬ ಭಾರತೀಯ ಮಾನದಂಡದ ಮುದ್ರೆಯಿರುವ ಮೆರೈನ್ ಪ್ಲೈ. ಹಾಳೆಯಿಂದ ಒಂದು ಅಡಿ ಅಗಲದ ಪಟ್ಟಿಯನ್ನು ಕತ್ತರಿಸಿದರೆ ಹಿಡಿಕೆಯನ್ನು ಆಮೇಲೆ ನಾಲ್ಕು ಬೆರಳು ಮೇಲೆ ಕೆಳಗೆ ಮಾಡಿಕೊಳ್ಳಲೂ ಅವಕಾಶ ಉಳಿಯುತ್ತದೆ. ಒಂದು ಸ್ನಾನದ ಮನೆಗೆ ಅರ್ಧ ಹಾಳೆ ಪ್ಲೈವುಡ್, ಅರ್ಧ ದಿನದ ಕೂಲಿ. ಟೈಲ್ಸಿನ ಆಯ್ಕೆಗೆ ಮೂರು ಭಾನುವಾರ ಅಂಗಡಿ ಸುತ್ತುವವರು ಇದಕ್ಕೆ ಅರ್ಧ ದಿನ ಕೊಡಲಾರರೇ?

ತಗಡಿನ ಕಂಬಕ್ಕೇ ಸ್ಕ್ರೂ ಹೊಡೆದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಆ ಕಂಬಗಳು ಸಾಮಾನ್ಯವಾಗಿ 600 ಮಿ.ಮೀ.ಗೆ ಒಂದರಂತೆ ಇರುತ್ತವೆ, ತಗಡಿನ ದಪ್ಪ ಅರ್ಧ ಮಿಲಿಮೀಟರಿನಷ್ಟು. ಬೋರ್ಡನ್ನು ಹಿಡಿದು ನಿಲ್ಲಿಸಲು ಅಷ್ಟು ಸಾಕು, ಆದರೆ ಮನುಷ್ಯನನ್ನು ಹಿಡಿದು ನಿಲ್ಲಿಸಲು ಆ ತಗಡಿನಲ್ಲಿ ಸ್ಕ್ರೂವಿನ ಒಂದು ಸುತ್ತೂ ಸರಿಯಾಗಿ ಕೂರುವುದಿಲ್ಲ.

ಗೋಡೆ ಮುಚ್ಚಿ ಟೈಲ್ಸ್ ಹಾಕಿ ಆಗಿದೆ, ಈಗೇನು ಮಾಡುವುದು ಎಂಬುದು ಹೆಚ್ಚಿನವರ ಪ್ರಶ್ನೆ. ಮೊದಲು ಗೋಡೆ ಯಾವುದೆಂದು ತಿಳಿಯಬೇಕು. ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವ ನಮ್ಮವರಿಗೆ ಗೋಡೆಯನ್ನು ತಟ್ಟಿ ನೋಡುವುದು ಹೊಸ ವಿದ್ಯೆಯಲ್ಲ. ಆದರೆ ಟೈಲ್ಸ್ ಇರುವ ಬದಿಯಲ್ಲಿ ಸದ್ದು ದಾರಿ ತಪ್ಪಿಸುತ್ತದೆ, ಅಂಟು ಸರಿಯಾಗಿ ಹಿಡಿಯದ ಟೈಲ್ಸ್ ಇಟ್ಟಿಗೆ ಗೋಡೆಯ ಮೇಲೂ ಟೊಳ್ಳು ಸದ್ದು ಮಾಡುತ್ತದೆ. ಆದ್ದರಿಂದ ಗೋಡೆಯ ಇನ್ನೊಂದು ಬದಿಗೆ, ಮಲಗುವ ಕೋಣೆಗೆ ಹೋಗಿ ತಟ್ಟಬೇಕು. ಕೆಟ್ಟುಹೋದ ಸ್ಪೀಕರಿನ ಆಯಸ್ಕಾಂತವೊಂದನ್ನು ಗೋಡೆಯ ಮೇಲೆ ಆಡಿಸಿದರೆ ಬೋರ್ಡು ಬಿಗಿದ ಸ್ಕ್ರೂಗಳ ಸಾಲು ಸಿಕ್ಕಿ, ಕಂಬ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ.

ಮುಂದಿನ ಕೆಲಸವೂ ಆ ಬದಿಯಿಂದಲೇ ಸುಲಭ, ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಸ್ನಾನದ ಮನೆಯ ಟೈಲ್ಸನ್ನು ಒಡೆಯುವ ಬದಲು ಮಲಗುವ ಕೋಣೆಯ ಕಡೆಯ ಬೋರ್ಡಿನಲ್ಲಿ ಎರಡು ಕಂಬಗಳ ನಡುವೆ ಕಿಟಕಿಯಂತೆ ಚೌಕವಾಗಿ ಕತ್ತರಿಸಿ ತೆಗೆಯಬಹುದು. ಅಲ್ಲಿ ಬಟ್ಟೆಯ ಕಪಾಟು ನಿಂತಿದ್ದರೆ ಇನ್ನೂ ಒಳ್ಳೆಯದು, ತೇಪೆ ಕಾಣುವುದೇ ಇಲ್ಲ. ಆ ಕಿಂಡಿಯಿಂದ ಪ್ಲೈವುಡ್ಡಿನ ತುಂಡನ್ನು ಒಳಗಿಟ್ಟು, ಸ್ನಾನದ ಮನೆಯ ಬೋರ್ಡಿನ ಬೆನ್ನಿಗೆ ಸಂದಿಲ್ಲದಂತೆ ಒತ್ತಿಸಿ, ಎರಡೂ ತುದಿಗಳನ್ನು ಮರದ ರೀಪಿನ ಆಸರೆಯಿಂದ ಕಂಬಗಳಿಗೆ ಬಿಗಿದು, ಕಿಂಡಿಯನ್ನು ಮುಚ್ಚಿ ಪುಟ್ಟಿ ಹಚ್ಚಿದರೆ ಆಯಿತು. ಕತ್ತರಿಸುವ ಮುನ್ನ ಮನೆಯ ಮೇನ್ ಸ್ವಿಚ್ ಆರಿಸಬೇಕು, ಗೇಟ್ ವಾಲ್ವ್ ಮುಚ್ಚಬೇಕು. ಆ ಟೊಳ್ಳಿನಲ್ಲೇ ವೈರೂ ಪೈಪೂ ಓಡಿರುತ್ತವೆ.

ಸ್ಕ್ರೂವಿನ ಉದ್ದದಲ್ಲೂ ಹೆಚ್ಚಿನವರು ಎಡವುತ್ತಾರೆ. ಟೈಲ್ಸ್, ಅಂಟು, ಬೋರ್ಡು ಮೂರೂ ಸೇರಿ 25 ಮಿ.ಮೀ. ನುಂಗಿದ ಮೇಲಷ್ಟೇ ಸ್ಕ್ರೂ ಪ್ಲೈವುಡ್ಡನ್ನು ಮುಟ್ಟುವುದು. ಹಿಡಿಕೆಯ ಪೊಟ್ಟಣದಲ್ಲಿ ಬರುವ 35 ಮಿ.ಮೀ. ಸ್ಕ್ರೂ ಒಳಗೆ ಹಿಡಿಯುವುದು ಒಂದು ಸೆಂಟಿಮೀಟರ್ ಮಾತ್ರ. 50 ಮಿ.ಮೀ. ಉದ್ದದ, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನು ಬೇರೆಯಾಗಿಯೇ ಕೊಳ್ಳಬೇಕು. ಟೈಲ್ಸ್ ಕೊರೆಯುವಾಗ ಡ್ರಿಲ್ಲಿನ ಬಡಿಯುವ ಗುಂಡಿಯನ್ನು ಆರಿಸಿರಬೇಕು, ಇಲ್ಲದಿದ್ದರೆ ಟೈಲ್ಸ್ ಸೀಳದಿದ್ದರೂ ಅದರ ಹಿಂದಿನ ಬೋರ್ಡು ಅದುರಿ ಅಂಟು ಬಿಡುತ್ತದೆ.

ಬೋರ್ಡಿನ ಹಿಂದೆ ರೆಕ್ಕೆ ಬಿಚ್ಚಿ ಕೂರುವ ಲೋಹದ ಟಾಗಲ್ ಬೋಲ್ಟ್‌ಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಪ್ಲಾಸ್ಟಿಕ್ ಪ್ಲಗ್ಗಿಗಿಂತ ಅವು ಎಷ್ಟೋ ಮೇಲು, ಏಕೆಂದರೆ ಭಾರವನ್ನು ಒಂದು ತೂತಿನ ಬದಲು ಎರಡು ಬೆರಳಗಲದ ಜಾಗಕ್ಕೆ ಹರಡುತ್ತವೆ. ಕನ್ನಡಿ, ಸೋಪಿನ ತಟ್ಟೆ, ಟವೆಲ್ ರಾಡ್‌ಗಳಿಗೆ ಧಾರಾಳವಾಗಿ ಬಳಸಬಹುದು. ಹಾಗಿದ್ದರೂ ಬೋಲ್ಟ್ ಎಷ್ಟೇ ಗಟ್ಟಿಯಾಗಿರಲಿ, ಕೊನೆಗೆ ತಾಳಬೇಕಾದ್ದು ಅದೇ ಅರ್ಧ ಇಂಚಿನ ಬೋರ್ಡು. ಆದ್ದರಿಂದ ಮನುಷ್ಯರ ಹಿಡಿಕೆಗೆ ಅವುಗಳನ್ನು ನಂಬಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ರಬ್ಬರ್ ಬಟ್ಟಲನ್ನು ಒತ್ತಿ ಅಂಟಿಸುವ ಹಿಡಿಕೆಗಳ ಬಗ್ಗೆ ಹೇಳುವುದೇ ಬೇಡ, ಟೈಲ್ಸಿನ ಸಂದಿಯಿಂದ ಗಾಳಿ ನುಸುಳಿದ ಗಳಿಗೆಯಲ್ಲಿ ಅವು ಕೈಬಿಡುತ್ತವೆ. ಗೀಸರನ್ನು ಈ ಗೋಡೆಗೆ ಹಾಕಲೇಬಾರದು. 15 ಲೀಟರಿನದರಲ್ಲಿ ನೀರೇ 15 ಕೆ.ಜಿ., ಮೇಲೆ ಅದರದೇ ತೂಕ, ಜೊತೆಗೆ ವಿದ್ಯುತ್ತು. ಸ್ನಾನದ ಮನೆಯ ನಾಲ್ಕು ಗೋಡೆಗಳಲ್ಲಿ ಒಂದಾದರೂ ಸಾಮಾನ್ಯವಾಗಿ ಇಟ್ಟಿಗೆಯದೋ ಕಾಂಕ್ರೀಟಿನದೋ ಇರುತ್ತದೆ, ಅಲ್ಲಿಗೆ ಹಾಕಿಸಿದರೆ ಪೈಪು ಎರಡು ಮೀಟರ್ ಹೆಚ್ಚಾಗಬಹುದು, ಅಷ್ಟೇ. ಗೋಡೆಗೆ ತೂಗುವ ಕಮೋಡಿನದು ಮಾತ್ರ ಆಶ್ಚರ್ಯದ ಸಂಗತಿ. ಯುರೋಪಿನ ಮಾನದಂಡದಂತೆ 400 ಕೆ.ಜಿ. ಹೇರಿ ಪರೀಕ್ಷಿಸಬೇಕಾದ ಅದು ಟೊಳ್ಳು ಗೋಡೆಯಲ್ಲೂ ನಿಶ್ಚಿಂತವಾಗಿ ನಿಲ್ಲುತ್ತದೆ, ಏಕೆಂದರೆ ಒಳಗಿನ ಉಕ್ಕಿನ ಚೌಕಟ್ಟು ನೆಲಕ್ಕೆ ಬೋಲ್ಟ್ ಆಗಿರುತ್ತದೆ, ಭಾರ ಗೋಡೆಗೆ ಹೋಗುವುದೇ ಇಲ್ಲ. ಕಮೋಡಿಗೆ ಇಷ್ಟು ಮುಂದಾಲೋಚನೆ ಮಾಡುವವರು ಅದರ ಪಕ್ಕದ ಹಿಡಿಕೆಯನ್ನು ಮರೆಯುತ್ತಾರೆ.

ವಿದೇಶದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳು ಹೋಗಿ ಬರುವ ನನ್ನ ವಯಸ್ಸಿನವರಿಗೂ ಒಂದು ಮಾತು. ಅಮೆರಿಕ, ಕೆನಡಾಗಳ ಬಹುತೇಕ ಮನೆಗಳ ಗೋಡೆ ಮರದ ಚೌಕಟ್ಟಿನ ಮೇಲೆ ಅರ್ಧ ಇಂಚಿನ ಬೋರ್ಡು ಬಡಿದದ್ದು. ಇಟ್ಟಿಗೆ ಗೋಡೆಯ ಮನೆಯಲ್ಲಿ ಬಾಳಿದ ನಮ್ಮ ಕೈ ಜಾರಿದಾಗ ತಾನಾಗಿ ಟವೆಲ್ ರಾಡಿಗೆ ಹೋಗುತ್ತದೆ, ಅಲ್ಲಿ ಅದು ನಿಜಕ್ಕೂ ಟವೆಲ್ಲಿಗಷ್ಟೇ ಇರುವುದು. ಮರದ ಕಂಬಗಳು 16 ಇಂಚಿಗೊಂದರಂತೆ ಇರುವುದರಿಂದ ಹುಡುಕಿ ಅವಕ್ಕೇ ಬಿಗಿದ ಹಿಡಿಕೆ ಚೆನ್ನಾಗಿಯೇ ನಿಲ್ಲುತ್ತದೆ, ಹೋಗುವ ಮುನ್ನವೇ ಮಕ್ಕಳಿಗೆ ಹೇಳಿ ಮಾಡಿಸಿಡುವುದು ಸಂಕೋಚಪಡುವ ವಿಷಯವಲ್ಲ. ಅಮೆರಿಕದಿಂದ ನಾವು ಕಲಿಯಬೇಕಾದದ್ದು ಇನ್ನೊಂದಿದೆ. ಅಲ್ಲಿನ ವಸತಿ ಕಾನೂನಿಗೆ 1988ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ನಾಲ್ಕು ಅಥವಾ ಹೆಚ್ಚು ಮನೆಗಳಿರುವ, 1991ರ ಮಾರ್ಚ್ 13ರ ನಂತರ ಮೊದಲ ಬಾರಿಗೆ ವಾಸಕ್ಕೆ ತೆರೆದ ಕಟ್ಟಡಗಳಲ್ಲಿ, ಕಾನೂನಿನ ವ್ಯಾಪ್ತಿಗೆ ಬರುವ ಮನೆಗಳ ಸ್ನಾನದ ಕೋಣೆಯ ಗೋಡೆಯೊಳಗೆ ಮುಂದೆ ಹಿಡಿಕೆ ಹಾಕಲು ಬೇಕಾದ ಆಸರೆಯನ್ನು ಮೊದಲೇ ಇಟ್ಟಿರಬೇಕು. ಹಿಡಿಕೆ ಹಾಕಲೇಬೇಕೆಂದಿಲ್ಲ, ಹಾಕಿದರೆ ನಿಲ್ಲುವಂತೆ ಗೋಡೆ ಇರಬೇಕು, ಅಷ್ಟೇ.

ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ, 2021ರ ಸಾರ್ವತ್ರಿಕ ಪ್ರವೇಶದ ಮಾರ್ಗಸೂಚಿಯಲ್ಲಿ ಶೌಚಾಲಯದ ಹಿಡಿಕೆಗಳ ವಿವರವೂ ಇದೆ. ಆದರೆ ಫ್ಲಾಟಿನೊಳಗೆ ಒಳಾಂಗಣ ಗುತ್ತಿಗೆದಾರರು ಎಬ್ಬಿಸುವ ಅಡ್ಡಗೋಡೆಯನ್ನು ಯಾರೂ ತಪಾಸಣೆ ಮಾಡುವುದಿಲ್ಲ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯಡಿ ಕಟ್ಟಡದ ದೋಷಗಳಿಗೆ ಬಿಲ್ಡರ್ ಐದು ವರ್ಷ ಹೊಣೆಯಾದರೂ, ಮಾಲೀಕರು ತಾವಾಗಿ ಮಾಡಿಸಿಕೊಂಡ ಇಂಥ ಗೋಡೆಗೆ ಅವರನ್ನು ಕೇಳುವಂತಿಲ್ಲ. ಸ್ನಾನದ ಮನೆಗೆ ಬೋರ್ಡಿನ ಗೋಡೆ ಹಾಕುವವರು ಆಸರೆಯ ಪ್ಲೈವುಡ್ಡನ್ನು ಇಡುವುದು ಮತ್ತು ಅದು ಎಲ್ಲಿದೆ ಎಂಬ ನಕ್ಷೆಯನ್ನು ಮನೆಯವರಿಗೆ ಕೊಡುವುದು ಕಡ್ಡಾಯವಾಗಬೇಕೆಂದು ನಗರಾಡಳಿತವನ್ನು ಕೋರುತ್ತೇನೆ. ನಿಯಮ ಬರುವವರೆಗೆ ಅಪಾರ್ಟ್‌ಮೆಂಟ್ ಸಂಘಗಳು ಒಳಾಂಗಣ ಕೆಲಸಕ್ಕೆ ಅನುಮತಿ ಕೊಡುವಾಗಲೇ ಈ ಷರತ್ತನ್ನು ಸೇರಿಸಬಹುದು. ಹಾರ್ಡ್‌ವೇರ್ ಅಂಗಡಿಯವರಲ್ಲಿಯೂ ಒಂದು ವಿನಂತಿ: ಹಿಡಿಕೆ ಕೇಳಲು ಬಂದವರನ್ನು ಯಾವ ಸೈಜು ಎಂದು ಕೇಳುವ ಮುನ್ನ ಯಾವ ಗೋಡೆ ಎಂದು ಕೇಳಿ.

ಮಗಳ ಮನೆಯ ಗೋಡೆಯನ್ನು ಕಪಾಟಿನ ಹಿಂಬದಿಯಿಂದ ತೆರೆದಾಗ ತಳದ ಚಾನೆಲಿನಲ್ಲಿ ಐದು ಪ್ಲಾಸ್ಟಿಕ್ ಪ್ಲಗ್‌ಗಳು ಬಿದ್ದಿದ್ದವು. ಮೂರು ನಮ್ಮ ಹಿಡಿಕೆಯವು. ಉಳಿದ ಎರಡು ಬೇರೆ ಬಣ್ಣದವು, ನಮಗಿಂತ ಮೊದಲು ಆ ಮನೆಯಲ್ಲಿ ಇದ್ದವರು ಯಾವುದಕ್ಕೋ ಹಾಕಿ ಕಿತ್ತು ಬಂದವು. ಪ್ಲೈವುಡ್ ಕೂಡಿಸಿ, ಮುಚ್ಚುವ ಮುನ್ನ ಅಳತೆ ಟೇಪನ್ನು ನೆಲದಿಂದ ನೇರ ಹಿಡಿದು ಎರಡು ಫೋಟೊ ತೆಗೆದು, ಅವುಗಳನ್ನು ಕ್ರಯಪತ್ರದ ಕಡತದಲ್ಲೇ ಇಟ್ಟಿದ್ದೇವೆ. ಹೊಸ ಹಿಡಿಕೆಯನ್ನು ಮೊದಲು ನಾನೇ, ನನ್ನ 74 ಕೆ.ಜಿ. ತೂಕವನ್ನೆಲ್ಲ ಹಾಕಿ ಜಗ್ಗಿದೆ. ಅತ್ತೆಯವರು ಮಾತ್ರ ಇನ್ನೂ ಎರಡು ವಾರ ಬಾಗಿಲ ಚೌಕಟ್ಟನ್ನೇ ಹಿಡಿದು ಏಳುತ್ತಿದ್ದರು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎಂಜಿನಿಯರ್, ಶಿವಮೊಗ್ಗ